ಬಂದವರ ಕೊಡಪಾನ

ನಾನು ಚಾಕ್ಕೆ ಉಪ್ಪು ಹಾಕಿಕೊಂಡು ಕುಡಿಯುವವನು. ಗಾಬರಿಯಾಗಬೇಡಿ, ಒಂದು ಚಿಟಿಕೆ ಮಾತ್ರ. ಕುಂದಾಪುರದ ಬಸ್‌ಸ್ಟ್ಯಾಂಡ್ ಬದಿಯ ಹೋಟೆಲಿನಲ್ಲಿ ಚಾ ಹೇಳಿ, ಟೇಬಲ್ಲಿನ ಉಪ್ಪಿನ ಡಬ್ಬಿ ಹತ್ತಿರ ಎಳೆದುಕೊಂಡರೆ ಎದುರು ಕೂತವರು ತಮ್ಮ ಗ್ಲಾಸನ್ನು ಮೆಲ್ಲಗೆ ಆಚೆ ಸರಿಸುತ್ತಾರೆ. ಡಾಕ್ಟರು ನನ್ನ ರಕ್ತದೊತ್ತಡ ನೋಡಿ ಗದರಿದ್ದಾರೆ. ಹೆಂಡತಿಯಂತೂ ನೆಂಟರು ಬಂದ ದಿನ ಉಪ್ಪಿನ ಭರಣಿಯನ್ನೇ ಅಟ್ಟಕ್ಕೆ ಹಾಕುತ್ತಾಳೆ. ಏನು ಮಾಡಲಿ, ನಾಲಗೆಗೆ ಚಿಕ್ಕಂದಿನಲ್ಲಿ ಯಾವ ರುಚಿ ಕಲಿಸಿದರೋ ಅದನ್ನೇ ಅದು ಸಾಯುವ ತನಕ ಕೇಳುತ್ತದೆ.

ಇದನ್ನು ಕಲಿಸಿದ್ದು ಹಂಗಾರಕಟ್ಟೆಯ ನನ್ನ ಗಿರಿಜತ್ತೆಯ ಮನೆ. ಅಪ್ಪನ ಅಕ್ಕ. ಹೈಸ್ಕೂಲಿಗೆ ನಾನು ಅಲ್ಲಿಂದಲೇ ಹೋದದ್ದು. ಹೊಳೆ ಸಮುದ್ರಕ್ಕೆ ಸೇರುವ ಮೊದಲು ಒಮ್ಮೆ ಮೈಮುರಿದು ಮಲಗುತ್ತದಲ್ಲ, ಆ ಜಾಗದ ಅಂಚಿಗೆ ಅತ್ತೆಯ ಮನೆ. ಹಿತ್ತಲಿನಲ್ಲಿ ಕೆಂಪು ಕಲ್ಲಿನ ಕಟ್ಟೆಯ ಬಾವಿ. ಮಳೆಗಾಲದಲ್ಲಿ ಎಳನೀರಿನಂಥ ನೀರು. ಮಳೆ ನಿಂತು ಬಿಸಿಲು ಏರಿದ ಹಾಗೆ ಹೊಳೆಯ ಉಪ್ಪು ಬಾವಿಗೆ ನೆಂಟಸ್ತಿಕೆಗೆ ಬರುತ್ತದೆ. ನನ್ನ ಕಾಲದಲ್ಲಿ ಮಳೆಗೆ ಇನ್ನೇನು ಹದಿನೈದು ದಿನ ಇದೆ ಎನ್ನುವಾಗ ಬರುತ್ತಿತ್ತು, ಈಗ ಶಿವರಾತ್ರಿಗೆ ಮೊದಲೇ ಬಂದು ಕಾಲು ಚಾಚಿ ಕೂರುತ್ತದೆ. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತ ಗಾದೆ ಇದೆ. ನಮ್ಮ ಅತ್ತೆ ಮನೆಯಲ್ಲಿ ಆ ಎರಡೂ ಕೆಲಸ ಒಂದೇ ಗುಟುಕಿಗೆ ಮುಗಿಯುತ್ತಿತ್ತು. ಆ ನೀರಿಗೇ ಜೀರಿಗೆ ಹಾಕಿ ಕುದಿಸಿ ಕುಡಿಯುವುದು, ಅದರಲ್ಲೇ ಗಂಜಿ ಬೇಯಿಸುವುದು, ಅದರಲ್ಲೇ ಚಾ.

ಆದರೆ ಅಡುಗೆಮನೆಯ ಮೂಲೆಯಲ್ಲಿ ಹಿತ್ತಾಳೆಯ ಇನ್ನೊಂದು ಕೊಡಪಾನ ಇತ್ತು. ಬೆಳಗಿ ಬೆಳಗಿ ಮುಖ ಕಾಣುವಷ್ಟು ಹೊಳಪು ಬಂದಿತ್ತು. ಅದು ಬಂದವರ ಕೊಡಪಾನ. ಗುಡ್ಡದ ಮೇಲಿನ ಮನೆಯವರ ಬಾವಿಯಿಂದ ಹೊತ್ತು ತಂದ ಸಿಹಿನೀರು ಅದರಲ್ಲಿ. ಬಂದವರಿಗೆ, ಬಾಣಂತಿಗೆ, ಮದ್ದು ಕುಡಿಯುವವರಿಗೆ ಮಾತ್ರ. ನಾವು ಮುಟ್ಟಿದರೆ ಅತ್ತೆಯ ಸೌಟು ಮೊಣಕೈಗೆ ಬೀಳುತ್ತಿತ್ತು. ಬಂದವರು ಯಾರು, ಮನೆಯವರು ಯಾರು ಎನ್ನುವುದಕ್ಕೆ ಅತ್ತೆಯ ಲೆಕ್ಕ ಸುಲಭ. ಜಗಲಿ ಹತ್ತಿ ಬಂದವರು ಬಂದವರು. ಹಿಂಬಾಗಿಲಲ್ಲಿ, ಬಾವಿಯ ಬದಿಯಲ್ಲಿ ಕಾಲು ತೊಳೆದು ಒಳಗೆ ಬಂದವರು ಮನೆಯವರು. ಮೊದಲಿನವರಿಗೆ ಬೆಲ್ಲ ನೀರು, ಸಿಹಿನೀರಿನ ಚಾ. ಎರಡನೆಯವರಿಗೆ ನಾಲಗೆ ಗಟ್ಟಿಯಿದ್ದರಾಯಿತು.

ಇಷ್ಟು ಪೀಠಿಕೆ ಯಾಕೆಂದರೆ ನಾನು ಹೇಳಹೊರಟದ್ದು ಸಂಶೋಧನೆಯ ವಿಷಯ. ಹೌದು, ಮಹಾ ಸಂಶೋಧನೆ.

ನಾನೂ ಒಂದು ಕಾಲದಲ್ಲಿ ಸಂಶೋಧಕನಾಗಲು ಪಂಚೆ ಕಟ್ಟಿ ಹೊರಟವನೇ. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಹೆಸರಿನ ಹಿಂದೆ ಡಾ. ಇಲ್ಲದಿದ್ದರೆ ಮದುವೆ ಮನೆಯಲ್ಲಿ ಹಿಂದಿನ ಸಾಲಿನ ಕುರ್ಚಿ. ಮೊದಲು ನಾಟಿ ಮದ್ದಿನ ಬಗ್ಗೆ ಬರೆಯೋಣ ಎಂದುಕೊಂಡೆ. ಆಮೇಲೆ ದೋಣಿಗಳ ಬಗ್ಗೆ ಮನಸ್ಸಾಯಿತು. ದೋಣಿಯಿಂದ ಬಲೆಗೆ, ಬಲೆಯಿಂದ ಮೀನಿನ ಗಾದೆಗಳಿಗೆ ಜಾರಿದೆ. ವಿಷಯ ಗಟ್ಟಿಯಾಗುವ ಹೊತ್ತಿಗೆ ನನ್ನ ಮಾರ್ಗದರ್ಶಕರು ನಿವೃತ್ತರಾಗಿ ಮಗಳ ಮನೆಗೆ ಹೋದರು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ ಅಂತ ಕೈಬಿಟ್ಟೆ. ಆದರೆ ಬೇರೆಯವರ ಸಂಶೋಧನೆಗೆ ದಾರಿ ತೋರಿಸುವ ಹುದ್ದೆ ಮಾತ್ರ ತಾನಾಗಿ ಅಂಟಿಕೊಂಡಿತು. ಯಾವ ವಿಶ್ವವಿದ್ಯಾಲಯದಿಂದ ಯಾರೇ ಬರಲಿ, ನನ್ನ ನಂಬರು ಅವರ ಹತ್ತಿರ ಇರುತ್ತದೆ. ಹಲವು ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ನಾನಿದ್ದೇನೆ. ಒಂದರಲ್ಲಿ ಸುಧಾಕರ, ಒಂದರಲ್ಲಿ ಪ್ರಭಾಕರ, ಇನ್ನೊಂದರಲ್ಲಿ ಬರೀ 'ಸ್ಥಳೀಯ ಮಿತ್ರರು'.

ನಮ್ಮ ಬೈಂದೂರಿನಿಂದ ಬ್ರಹ್ಮಾವರದ ತನಕ ಸಂಶೋಧನೆಗೆ ಒಳಗಾಗದೆ ತಪ್ಪಿಸಿಕೊಂಡ ಪದಾರ್ಥ ಏನಾದರೂ ಇದ್ದರೆ ನನಗೆ ತಿಳಿಸಿ. ತ್ರಾಸಿಯಲ್ಲಿ ಒಬ್ಬರು ಮರಳನ್ನು ಜರಡಿಯಲ್ಲಿ ಹಿಡಿದು ಕಣಕಣಕ್ಕೆ ಜಾತಕ ಬರೆದರು. ಇನ್ನೊಬ್ಬರು ಅದೇ ಮರಳಿನ ಮೇಲೆ ಬೋರಲು ಮಲಗಿ, ಏಡಿ ಬಿಲದಿಂದ ಹೊರಗೆ ಬಂದರೆ ಮೊದಲು ಯಾವ ಕಡೆಗೆ ತಿರುಗುತ್ತದೆ ಎಂದು ನೋಡಿದರು. ಅವರ ಬೆನ್ನು ಸುಟ್ಟದ್ದು ಬಿಟ್ಟರೆ ಬೇರೇನು ತಿಳಿಯಿತೋ ನನಗೆ ಗೊತ್ತಿಲ್ಲ. ಹಳೆ ಹಂಚಿನ ಪಾಚಿಗೆ ಒಬ್ಬರು, ಹಂಚಿನ ಕೆಳಗಿನ ಬಾವಲಿಗೆ ಒಬ್ಬರು, ಆ ಬಾವಲಿಯನ್ನು ಕಂಡು ಜನ ಹೆದರುವ ರೀತಿಗೆ ಇನ್ನೊಬ್ಬರು. ನಗುತ್ತೇನೆಂದು ತಪ್ಪು ತಿಳಿಯಬೇಡಿ. ನನಗೆ ಇವರೆಲ್ಲರ ಮೇಲೆ ಹೊಟ್ಟೆಕಿಚ್ಚು ಇದೆ. ಒಂದೇ ವಸ್ತುವನ್ನು ಹಿಡಿದು ಕೂರುವ ಆ ತಾಳ್ಮೆ ನನಗಿದ್ದಿದ್ದರೆ ನಾನೂ ಮುಂದಿನ ಸಾಲಿನ ಕುರ್ಚಿಯಲ್ಲಿ ಇರುತ್ತಿದ್ದೆ.

ಇವರಲ್ಲಿ ಹೆಚ್ಚಿನವರನ್ನು ನಾನು ಕರೆದುಕೊಂಡು ಹೋಗುತ್ತಿದ್ದದ್ದು ಗಿರಿಜತ್ತೆಯ ಮನೆಗೆ. ಅತ್ತೆಗೆ ಬಂದವರೆಂದರೆ ಪ್ರಾಣ. ತೊಂದರೆ ಎಂದರೆ, ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಕೊಡುವುದು ಅತ್ತೆಗೆ ಗೊತ್ತೇ ಇಲ್ಲ.

ಮೊದಲು ಬಂದವರು ಭಾಷಾವಿಜ್ಞಾನದವರು. ಕುಂದಾಪ್ರ ಕನ್ನಡದ ಸಹಜ ಮಾತು ಬೇಕು ಎಂದರು. ಅತ್ತೆ ದಿನವಿಡೀ ಹಿತ್ತಲಿನಲ್ಲಿ ಕೋಳಿಗೆ, ನಾಯಿಗೆ, ಮಾವನಿಗೆ ಬೈಯುವ ಮಾತನ್ನು ಹಿಡಿದುಕೊಂಡಿದ್ದರೆ ಒಂದು ನಿಘಂಟಾಗುತ್ತಿತ್ತು. ಆದರೆ ಮೈಕು ಎದುರು ಇಟ್ಟದ್ದೇ ತಡ, ಅತ್ತೆ ಸೆರಗು ಸರಿಮಾಡಿಕೊಂಡು ರೇಡಿಯೋದ ವಾರ್ತೆಯವರಂತೆ ಶುರು ಮಾಡಿದರು. ತಾವು ಪ್ರಾತಃಕಾಲದಲ್ಲಿ ಎದ್ದು ಸ್ನಾನ ಮಾಡುತ್ತಾರಂತೆ, ತದನಂತರ ದೇವರ ಪೂಜೆ ನೆರವೇರಿಸುತ್ತಾರಂತೆ. ತದನಂತರ! ಪೂಜೆ ಮಾಡುವುದು ಮಾವ, ಅದೂ ನೆನಪಾದ ದಿನ. ಕರಾವಳಿಯ ಹಿರಿಯರ ಮಾತಿನಲ್ಲಿ ಗ್ರಾಂಥಿಕ ಭಾಷೆಯ ಪ್ರಭಾವ ಆಳವಾಗಿದೆ ಎಂದು ಆ ಪುಣ್ಯಾತ್ಮರು ಬರೆದುಕೊಂಡು ಹೋದರು.

ಮೀನುಗಾರಿಕೆಯ ವಿಜ್ಞಾನಿಯೊಬ್ಬರು ಹೊಳೆಯ ಮಳಿ ಬೇಕು ಎಂದರು. ಮಳಿ ಎಂದರೆ ಕೆಸರಿನಲ್ಲಿ ಸಿಗುವ ಚಿಪ್ಪು, ಒಳಗಿನ ಮಾಂಸಕ್ಕೆ ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದರೆ ಎರಡು ಸೇರು ಅನ್ನ ಸಾಲದು. ವಿಜ್ಞಾನಿಗೆ ಕೈಗೆ ಬಂದದ್ದು ಬಂದ ಹಾಗೆ ಬೇಕಿತ್ತು. ಅತ್ತೆ ಕಂಡ ಮನೆಯಲ್ಲೆಲ್ಲ ಕೇಳಿ, ಬುಟ್ಟಿ ಮಗುಚಿ, ಅಂಗೈ ತುಂಬುವಂಥದ್ದನ್ನೇ ಆರಿಸಿ ಕೊಟ್ಟರು. ಸಣ್ಣದು ಕೊಟ್ಟರೆ ಊರಿನ ಮರ್ಯಾದೆ ಏನಾಗಬೇಕು? ನಮ್ಮ ಹೊಳೆಯ ಮಳಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ ಎಂಬ ಸಂತೋಷದ ಸಂಗತಿ ಆ ಲೇಖನದಿಂದ ತಿಳಿಯಿತು.

ಪುರಾತತ್ತ್ವದವರದ್ದು ಇನ್ನೂ ದುಃಖದ ಕತೆ. ಹೊಳೆದಂಡೆಯಲ್ಲಿ ಸಿಕ್ಕಿದ ಮಡಕೆಯ ಚೂರುಗಳನ್ನು ಜಗಲಿಯಲ್ಲಿ ಇಟ್ಟು ಅವರು ಊಟಕ್ಕೆ ಹೋಗಿದ್ದರು. ಆ ಚೂರುಗಳಿಗೆ ಅಂಟಿದ ಮಸಿಯಲ್ಲಿ ಹಿಂದಿನವರು ಏನು ಬೇಯಿಸಿ ತಿಂದಿದ್ದರು ಎಂಬ ಗುಟ್ಟು ಇತ್ತಂತೆ. ಅವರು ವಾಪಸು ಬರುವಾಗ ಅತ್ತೆ ಎಲ್ಲ ಚೂರನ್ನೂ ಬೂದಿ, ಹುಣಸೆಹುಳಿ, ತೆಂಗಿನ ಜುಂಗು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದ್ದರು. ಆ ಮನುಷ್ಯ ಚಾವಡಿಯ ಕಂಬ ಹಿಡಿದು ನಿಂತದ್ದು ಈಗಲೂ ಕಣ್ಣಮುಂದೆ ಇದೆ. ಅತ್ತೆಗೆ ಅದು ಮೆಚ್ಚುಗೆಯಂತೆ ಕಂಡಿತು.

ಆಹಾರ ಸಂಸ್ಕೃತಿಯ ಅಧ್ಯಯನಕ್ಕೆ ಬಂದ ಹೆಂಗಸಿಗೆ ಮಂಗಳವಾರ ಮಧ್ಯಾಹ್ನ ಕೋಳಿಸಾರು, ಕಡುಬು, ಮೇಲೆ ಹೆಸರುಬೇಳೆ ಪಾಯಸ. ನಮ್ಮ ಮನೆಯ ಮಂಗಳವಾರ ಎಂದರೆ ಗಂಜಿ, ಒಣ ಸಿಗಡಿಯ ಚಟ್ನಿ. ಆದರೆ ಈ ಭಾಗದ ಸಾಮಾನ್ಯ ಜನ ವಾರದ ದಿನಗಳಲ್ಲೂ ಪಾಯಸ ಉಣ್ಣುತ್ತಾರೆ ಎಂದು ಈಗ ಅಚ್ಚಾಗಿ ಕೂತಿದೆ. ನಾಳೆ ನನ್ನ ಮೊಮ್ಮಗ ಓದಿ, ಅಜ್ಜ ಎಂಥ ಸುಖದಲ್ಲಿ ಬೆಳೆದ ಎಂದುಕೊಳ್ಳಬಹುದು.

ಇಷ್ಟು ಜನ ಬಂದರಲ್ಲ, ಇವರಲ್ಲಿ ಒಬ್ಬೊಬ್ಬರಿಗೂ ಅತ್ತೆ ಚಾ ಕೊಟ್ಟು, ಅವರು ಮೊದಲ ಗುಟುಕು ಕುಡಿಯುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನಮ್ಮ ಬಾಯಿ ನೀರ್ ಉಪ್ಪಾಯ್ತ್ ಕಾಣಿ. ನೀವ್ ಓದ್ದರ್. ಇದಕ್ಕ್ ಎಂತ ಮಾಡುದ್?"

ನಮ್ಮಲ್ಲಿ ಬಾವಿಯನ್ನು ಬಾಯಿ ಎನ್ನುತ್ತಾರೆ. ಭಾಷಾವಿಜ್ಞಾನಿ ಆ ಪದವನ್ನು ಬರೆದುಕೊಂಡು ಸಂತೋಷಪಟ್ಟರು. ಮಳಿಯವರು ನೀರು ತಮ್ಮ ವಿಭಾಗ ಅಲ್ಲ, ನೀರಿನೊಳಗಿನ ಜೀವ ಮಾತ್ರ ತಮ್ಮದು ಎಂದರು. ಪುರಾತತ್ತ್ವದವರು, ಹಿಂದೆ ಸಿಹಿ ಇದ್ದಿರಬೇಕು ಎಂದು ಸಮಾಧಾನ ಹೇಳಿದರು. ಜಾನಪದದ ಪ್ರಾಧ್ಯಾಪಕರೊಬ್ಬರಂತೂ ಕಣ್ಣು ಮುಚ್ಚಿ ತಲೆದೂಗಿ, ಊರಿಗೆ ಹೋಗಿ ಒಂದು ಲೇಖನವನ್ನೇ ಬರೆದರು. ಕರಾವಳಿಯ ಹೆಣ್ಣು ತನ್ನ ಕಣ್ಣೀರನ್ನು ಉಪ್ಪು ಬಾವಿಯ ರೂಪಕದಲ್ಲಿ ಹೇಳಿಕೊಳ್ಳುತ್ತಾಳಂತೆ. ನಾನು ಅದನ್ನು ಓದಿ ಹೇಳಿದಾಗ ಅತ್ತೆ, ಆ ಜನಕ್ಕೆ ಹುಷಾರಿಲ್ಲವಾ ಎಂದು ಕೇಳಿದರು.

ಯಾರೂ ನಂಬಲಿಲ್ಲ, ಅದೇ ವಿಷಯ. ನಂಬುವುದಾದರೂ ಹೇಗೆ? ಕೈಯಲ್ಲಿ ಹಿಡಿದ ಚಾ ಜೇನಿನ ಹಾಗಿತ್ತು. ಉಪ್ಪು ನೀರಿನ ಮನೆಯಲ್ಲಿ ಇಂಥ ಚಾ ಹೇಗಾಗುತ್ತದೆ? ಒಂದು ಸಲವಾದರೂ ಬಾವಿ ನೀರಿನ ಚಾ ಕೊಡಿ ಅತ್ತೆ, ಅವರ ನಾಲಗೆಗೇ ಗೊತ್ತಾಗಲಿ ಎಂದು ನಾನು ಬೇಡಿಕೊಂಡಿದ್ದೇನೆ. ಕೊಲೆ ಮಾಡು ಎಂದವನನ್ನು ನೋಡುವ ಹಾಗೆ ಅತ್ತೆ ನನ್ನನ್ನು ನೋಡಿದರು.

"ಬಂದರಿಗೆ ಉಪ್ಪ್ ನೀರ್ ಕೊಡುಕಾತ್ತಾ? ನೀ ಓದಿ ಓದಿ ಹಾಳಾದೆ."

ಈ ಬಂದವರ ನೀರನ್ನು ಹೊರುತ್ತಿದ್ದದ್ದು ಅತ್ತೆಯ ಸೊಸೆ ಜಲಜ. ಹೆಸರೇ ಹಾಗೆ ಇಟ್ಟುಬಿಟ್ಟಿದ್ದಾರೆ ಪಾಪ. ಅವಳ ಗಂಡ ದೋಣಿ ಕಟ್ಟುವ ಕೆಲಸಕ್ಕೆ ಬೆಳಿಗ್ಗೆ ಹೋದರೆ ಕತ್ತಲೆಗೆ ಬರುವವನು. ಗುಡ್ಡದ ಮೆಟ್ಟಿಲು ಮಣ್ಣಿನದು, ಒಂದಕ್ಕೊಂದು ಎತ್ತರ. ಬೇಸಗೆಯಲ್ಲಿ ಮೇಲಿನ ಮನೆಯವರ ಬಾವಿಯಲ್ಲೂ ನೀರು ಇಳಿಯುತ್ತದೆ, ಅವರ ಮುಖವೂ ಇಳಿಯುತ್ತದೆ, ಜಲಜ ಅದನ್ನೂ ಹೊತ್ತು ಇಳಿಯಬೇಕು. ಹೆರಿಗೆಯ ಮೇಲೆ ಅವಳ ಸೊಂಟ ಸರಿ ಇಲ್ಲ. ನಾನು ಕರೆದುಕೊಂಡು ಹೋದ ಒಬ್ಬೊಬ್ಬ ಪಂಡಿತನ ಲೆಕ್ಕವೂ ಅವಳ ಸೊಂಟಕ್ಕೆ ಬಿದ್ದದ್ದು. ಎದುರು ಏನೂ ಹೇಳುತ್ತಿರಲಿಲ್ಲ. ಒಂದು ದಿನ ಮಾತ್ರ ಕೊಡಪಾನ ಇಳಿಸಿ, ಮುಖ ಒರೆಸಿಕೊಳ್ಳುತ್ತ ನನ್ನ ಹತ್ತಿರ ಹೇಳಿದಳು.

"ಬಂದರೆಲ್ಲ ಚಾ ಕುಡ್ದ್ ಬರ್ಕಂಡ್ ಹೋತ್ರ್ ಭಾವ. ನೀರ್ ಹೊತ್ತದ್ದ್ ಯಾರ್ ಅಂದೇಳಿ ಯಾರೂ ಬರೀಲಿಲ್ಲೆ."

ನನಗೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಚಾ ಕುಡಿದು ಬಂದೆ, ಅದು ಬೇರೆ ವಿಷಯ.

ಹೊಳೆಬದಿಯ ಆ ಸಾಲಿಗೆ ನಲ್ಲಿ ಬರಬೇಕು ಎನ್ನುವ ಮಾತು ಬಹಳ ವರ್ಷದಿಂದ ಇತ್ತು. ಪಂಚಾಯತಿಗೆ ಕೇಳಲು ಹೋದಾಗಲೆಲ್ಲ, ನೀರು ಉಪ್ಪು ಎಂದು ಪರೀಕ್ಷೆ ಮಾಡಿದವರು ಯಾರಾದರೂ ಬರೆದುಕೊಡಲಿ, ಆಮೇಲೆ ನೋಡುವ ಎನ್ನುತ್ತಿದ್ದರು. ಹಾಗಾಗಿ, ಕರಾವಳಿಯ ಬಾವಿ ನೀರಿನ ಮೇಲೆಯೇ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ಹಂಗಾರಕಟ್ಟೆಗೆ ಬರುತ್ತಾಳೆ ಎಂದು ಫೋನು ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಹೆಸರು ನೀಲಾ. ಗದಗದ ಕಡೆಯವಳು. ಇಷ್ಟು ವರ್ಷ ಏಡಿ, ಬಾವಲಿ, ಮಸಿ ಎಲ್ಲ ಆಗಿ ಕಡೆಗೊಮ್ಮೆ ನೀರಿಗೇ ಒಬ್ಬಳು. ಅತ್ತೆಗೆ ವಿಷಯ ತಿಳಿಸಿದೆ. ಜಲಜ ಆ ದಿನ ಫೋನಿನಲ್ಲೇ ನಕ್ಕಳು.

ನನ್ನ ಹಣೆಬರಹಕ್ಕೆ ಅವಳು ಬಂದ ದಿನವೇ ವಂಡ್ಸೆಯಲ್ಲಿ ತಪ್ಪಿಸಲಾಗದ ಒಂದು ಮದುವೆ. ಅಲ್ಲಿ ಮೂರನೇ ಪಂಕ್ತಿಯಲ್ಲಿ ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ಹೊತ್ತಿಗೆ ಇಲ್ಲಿ ಏನಾಯಿತೆಂದು ಆಮೇಲೆ ಜಲಜ ಹೇಳಿ ಗೊತ್ತಾದದ್ದು. ನೀಲಾ ಜಗಲಿ ಹತ್ತಿ ಬಂದು, ನೀವು ಕುಡಿಯುವ ನೀರು ಒಂದು ಬಾಟಲಿ ಬೇಕು ಎಂದಳಂತೆ. ಅತ್ತೆಗೆ ನೀರು ಉಪ್ಪೆಂದು ತೋರಿಸಬೇಕೆಂಬುದು ಚೆನ್ನಾಗಿ ನೆನಪಿತ್ತು. ಹತ್ತು ಸಲ ಬಾಯಿಯಲ್ಲಿ ಹೇಳಿದರಂತೆ ಕೂಡ. ಆದರೆ ದೂರದ ಊರಿನ ಹೆಣ್ಣುಮಗಳು ಬಿಸಿಲಿನಲ್ಲಿ ಬಂದು, ಬಾಯಿಬಿಟ್ಟು ನೀರು ಕೇಳಿದ್ದಾಳೆ. ಕೈ ತಾನಾಗಿ ಹಿತ್ತಾಳೆಯ ಕೊಡಪಾನಕ್ಕೆ ಹೋಯಿತು. ಬಾಟಲಿ ತುಂಬಿಸಿ, ಹೊರಗಿನ ತೇವ ಸೆರಗಿನಿಂದ ಒರೆಸಿ ಕೊಟ್ಟರಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಜಲಜ ಬಾಯಿ ತೆರೆದಳಂತೆ. ಬಂದವರ ಎದುರು ಸೊಸೆ ಮಾತಾಡಬಾರದೆಂದು ಮುಚ್ಚಿಕೊಂಡಳಂತೆ.

ಪರೀಕ್ಷೆಯಲ್ಲಿ ನೀರು ಅತ್ಯುತ್ತಮ ಎಂದು ಬಂತು. ನೀರು ಉಪ್ಪೆಂಬ ದೂರು ಸ್ಥಳೀಯರಲ್ಲಿ ಇದೆ, ಆದರೆ ಅದು ದೃಢಪಟ್ಟಿಲ್ಲ ಎಂದು ನೀಲಾ ಪ್ರಾಮಾಣಿಕವಾಗಿ ಬರೆದಳು. ಅದು ನಲ್ಲಿಯವರ ಕೈಗೂ ಹೋಯಿತು. ಅವರಿಗೆ ಇನ್ನೇನು ಬೇಕು, ಆ ಸಾಲಿನ ಮನೆಗಳನ್ನು ಕೈಬಿಟ್ಟು ಪೈಪು ಬೇರೆ ಕಡೆಗೆ ತಿರುಗಿತು.

ನಾನು ಫೋನಿನಲ್ಲಿ ಕೂಗಾಡಿದ್ದಕ್ಕೆ ನೀಲಾ ಇನ್ನೊಮ್ಮೆ ಬಂದಳು. ಆದರೆ ಆಗ ಜಡಿಮಳೆ. ಜಗಲಿ ಹತ್ತಿ, ಕೊಡೆ ಮಡಚಿ, ಅತ್ತೆಯ ಚಾ ಕುಡಿದು, ನನ್ನ ಎದುರೇ ಬಾವಿಗೆ ಬಕೆಟ್ ಇಳಿಸಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡಳು. ಮಳೆಗಾಲದ ಬಾವಿ ನನ್ನ ಮಾತಿಗೆ ಬೆಲೆ ಕೊಟ್ಟೀತೇ? "ಸಿಹಿ ಅದಲ್ರೀ ಸರ," ಎಂದು ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. ಬೇಸಗೆಯಲ್ಲಿ ಬಾ ಎಂದೆ. ಅಷ್ಟರಲ್ಲಿ ಪ್ರಬಂಧ ಒಪ್ಪಿಸಿ ಆಗಿರುತ್ತದೆ ಎಂದಳು. ಆದರೆ ಹೋಗುವಾಗ ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ಅವಳಿಗೆ ಹಪ್ಪಳದ ಕಟ್ಟು ಕೊಟ್ಟು, ಹೆಣ್ಣೆ, ನಿನ್ನ ಮನೆಯೇ ಎಂದು ತಿಳಿದು ಬರುತ್ತಾ ಇರು ಎಂದರು. ನಲ್ಲಿ ತಪ್ಪಿಸಿದವಳಿಗೆ ಹಪ್ಪಳ! ನಾನು ಕುಂದಾಪುರದ ಬಸ್ಸು ಹತ್ತುವ ತನಕ ಅತ್ತೆಗೆ ಬೈದೆ, ಮನಸ್ಸಿನಲ್ಲಿ.

ಮೊನ್ನೆ ಬೇಸಗೆಯಲ್ಲಿ ಅತ್ತೆಯ ಮನೆಯಲ್ಲಿ ಕೂತಿದ್ದೆ. ಹಿತ್ತಲಲ್ಲಿ ಚಪ್ಪಲಿಯ ಸದ್ದಾಯಿತು. ನೋಡಿದರೆ ನೀಲಾ. ಈಗ ಡಾ. ನೀಲಾ. ಬೈಂದೂರಿನಲ್ಲಿ ಕೆಲಸ ಸಿಕ್ಕಿದೆಯಂತೆ, ಮೊದಲ ಭಾನುವಾರ ಅತ್ತೆಯನ್ನು ನೋಡಲು ಬಂದಿದ್ದಾಳೆ, ಕೈಯಲ್ಲಿ ಊರಿನ ಶೇಂಗಾ ಹೋಳಿಗೆ. ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಹಿಂಬಾಗಿಲಲ್ಲಿ ಬಗ್ಗಿ ಅಡುಗೆಮನೆಗೇ ಬಂದು ನೆಲದ ಮೇಲೆ ಕೂತಳು. ಅತ್ತೆಯ ಮುಖ ಅರಳಿತು. ಒಲೆಯ ಮೇಲೆ ನಮಗೆಂದು ಇಟ್ಟ ಚಾ ಕುದಿಯುತ್ತಿತ್ತು. ಅತ್ತೆ ಹಿತ್ತಾಳೆಯ ಕೊಡಪಾನದ ಕಡೆ ತಿರುಗಿಯೂ ನೋಡಲಿಲ್ಲ. ಅದೇ ಪಾತ್ರೆಯಿಂದ ನನಗೊಂದು ಲೋಟ ಬಗ್ಗಿಸಿ, ಇನ್ನೊಂದನ್ನು ಅವಳ ಮುಂದೆ ಇಟ್ಟರು.

ನಾನು ಅವಳ ಮುಖವನ್ನೇ ನೋಡಿದೆ. ಬಾಗಿಲಲ್ಲಿ ಜಲಜ ಸಹ.

ನೀಲಾ ಒಂದು ಗುಟುಕು ಕುಡಿದಳು. ಲೋಟದೊಳಗೆ ಬಗ್ಗಿ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

"ಸಕ್ಕರಿ ಅಂತ ಉಪ್ಪು ಹಾಕೀರೇನ್ರೀ ಅತ್ತಿ?"

"ಇಲ್ಲೆ ಹೆಣ್ಣೆ. ನಮ್ಮ ಚಾ ಇಪ್ಪುದೇ ಹೀಂಗೆ," ಎಂದರು ಅತ್ತೆ. "ಆಗ ನೀ ಬಂದಳ್. ಈಗ ಮನಿಯಳ್ ಅಲ್ದಾ?"

ಹುಡುಗಿಯ ಕಣ್ಣು ಮೂಲೆಯ ಹಿತ್ತಾಳೆ ಕೊಡಪಾನದ ಮೇಲೆ ನಿಂತಿತು, ಆಮೇಲೆ ಜಲಜಳ ಸೊಂಟದ ಮೇಲೆ, ಆಮೇಲೆ ಕಿಟಕಿಯ ಆಚೆಗಿನ ಗುಡ್ಡದ ಮೆಟ್ಟಿಲಿನ ಮೇಲೆ. ಅವಳಿಗೆ ಪದವಿ ಬಂದಾಗಿತ್ತು, ಕೆಲಸವೂ ಸಿಕ್ಕಾಗಿತ್ತು. ಸುಮ್ಮನೆ ಹೋಳಿಗೆ ಕೊಟ್ಟು ಎದ್ದು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆನೋ ಏನೋ. ಅವಳು ಮಾತ್ರ ಆ ಚಾವನ್ನು ತಳದ ತನಕ ಕುಡಿದಳು. ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದು, ಅದರಲ್ಲಿದ್ದದ್ದನ್ನು ಬಸಳೆಯ ಬುಡಕ್ಕೆ ಚೆಲ್ಲಿ, ಬಾವಿಕಟ್ಟೆಗೆ ಹೋಗಿ ಬಕೆಟ್ ಇಳಿಸಿದಳು.

ಅತ್ತೆಗೆ ಆಗ ಮನೆಯ ಮರ್ಯಾದೆ ನೆನಪಾಯಿತು. ಬಾಟಲಿಯಲ್ಲಿ ತೆಗೆದುಕೊಂಡು ಹೋಗುವ ನೀರು ಊರು ದಾಟುತ್ತದೆ, ನಾಲ್ಕು ಜನ ನೋಡುತ್ತಾರೆ. ಹಿಂಬಾಗಿಲಿಗೆ ಓಡಿ ಕೈ ಬೀಸಿ ಕರೆದರು.

"ಏ ಹೆಣ್ಣೆ, ನಿಲ್ಲ್! ಆ ನೀರ್ ಸಮ ಇಲ್ಲೆ. ಒಳ್ಳೆ ನೀರ್ ತರ್ಸಿ ಕೊಡ್ತೆ. ಜಲಜಾ, ಕೊಡಪಾನ ತಕೊ."

ಜಲಜ ಒಳಗೆ ಬಂದಳು. ಹಿತ್ತಾಳೆಯ ಕೊಡಪಾನ ಎತ್ತಿದಳು. ಅದರಲ್ಲಿದ್ದ ನಾಲ್ಕು ಲೋಟ ಸಿಹಿನೀರನ್ನು ಅನ್ನದ ಪಾತ್ರೆಗೆ ಸುರಿದು, ಕೊಡಪಾನವನ್ನು ಬಾಗಿಲ ಬದಿಯ ಕಲ್ಲಿನ ಮೇಲೆ ಬೋರಲು ಹಾಕಿದಳು.

"ಇವತ್ತ್ ಆತ್ತಿಲ್ಲೆ ಅತ್ತೆ," ಎಂದಳು. "ಅವ್ಳ್ ಉಪ್ಪ್ ನೀರೇ ತಕಂಡ್ ಹೋಯ್ಲಿ."

ಅತ್ತೆ ಸೊಸೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಲೋಟದೊಳಗೆ ಮುಖ ಹಾಕಿದೆ. ಹೊರಗೆ ರಾಟೆ ಕಿರುಗುಟ್ಟುತ್ತಾ ಬಕೆಟ್ ಮೇಲೆ ಬರುತ್ತಿತ್ತು. ಅತ್ತೆ ಮೆಲ್ಲಗೆ ಹೊಸ್ತಿಲ ಮೇಲೆ ಕೂತರು.